ಹಾಗಂದ್ರೆ ರಾಯರು

ರಾಯರಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇದೆ. ಆದರೆ ಅದು ಸಂಬಳದ ಚೀಟಿಯ ಮೇಲೆ ಮಾತ್ರ. ಕಚೇರಿಗೆಲ್ಲ ಅವರು ಹಾಗಂದ್ರೆ ರಾಯರು. ಯಾರಾದರೂ ಒಂದು ಸಿನಿಮಾ ಮಾತು ಬಿಟ್ಟು, ಸುತ್ತಲಿದ್ದವರು ನಕ್ಕು ಸುಧಾರಿಸಿಕೊಳ್ಳುವ ಹೊತ್ತಿಗೆ ಲೆಕ್ಕಪತ್ರ ವಿಭಾಗದ ಮೂಲೆಯಲ್ಲಿ ಫೈಲುಗಳ ಹಿಂದಿನಿಂದ ಒಂದು ಕನ್ನಡಕ ಮೇಲೇಳುತ್ತದೆ. "ಹಾಗಂದ್ರೆ?"

ಅಲ್ಲಿಗೆ ಮುಗಿಯಿತು. ಹೇಳಿದವನು ಈಗ ವಿವರಿಸಬೇಕು. ಅದು ಯಾವ ಸಿನಿಮಾ, ಯಾರು ಯಾರಿಗೆ ಅಂದದ್ದು, ಯಾಕೆ ಅಂದದ್ದು. ವಿವರಿಸುತ್ತ ಹೋದಂತೆ ತಮಾಷೆ ಆರಿದ ದೋಸೆಯ ಹಾಗೆ ರಬ್ಬರಾಗುತ್ತದೆ. ಕೊನೆಗೆ ರಾಯರು ಬಹಳ ಸೌಜನ್ಯದಿಂದ, "ಸರಿ, ಇದರಲ್ಲಿ ನಗು ಎಲ್ಲಿ ಬರುತ್ತೆ?" ಎಂದು ಕೇಳುತ್ತಾರೆ. ವ್ಯಂಗ್ಯವಿಲ್ಲ, ಕೊಂಕಿಲ್ಲ. ವೋಚರಿಗೆ ರಸೀದಿ ಎಲ್ಲಿ ಎಂದು ಕೇಳುವ ಧ್ವನಿ ಅದು.

ಗೊತ್ತಿಲ್ಲದವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಅವರಿಗೆಲ್ಲ ಒಂದು ಉಪಾಯ ಗೊತ್ತಿರುತ್ತದೆ. ಪಕ್ಕದವನು ನಕ್ಕ ಅರೆಕ್ಷಣಕ್ಕೆ ತಾವೂ ನಗುತ್ತಾರೆ. ವಾಟ್ಸಾಪ್ ಗುಂಪಿಗೆ ಮೀಮ್ ಬಂದರೆ ಕಣ್ಣೀರಿನಲ್ಲಿ ನಗುವ ಮುಖವನ್ನು ಮೊದಲು ಒತ್ತಿ, ಮನೆಗೆ ಹೋದಮೇಲೆ ಗುಟ್ಟಾಗಿ ಮಗಳನ್ನು ಕೇಳುತ್ತಾರೆ. ನಮ್ಮ ಕಚೇರಿಯ ಅರ್ಧ ಜನ ಈ ಪಂಗಡವೇ. ರಾಯರಿಗೆ ಈ ಉಪಾಯ ತಿಳಿಯದು ಎನ್ನುವುದಕ್ಕಿಂತ, ಅದರ ಅಗತ್ಯವೇ ತಿಳಿಯದು. ತಾವು ಹೊರಗುಳಿದಿದ್ದೇವೆ ಎಂಬ ಸಂಕೋಚ ಅವರಿಗೆ ಬಂದದ್ದನ್ನು ನಾನು ಕಂಡಿಲ್ಲ. ಬೆವರುವುದು ಯಾವಾಗಲೂ ಒಳಗಿರುವ ನಾವು.

2025ರ ಏಪ್ರಿಲ್, ಐಪಿಎಲ್ ಕಾಲ. ಕ್ಯಾಂಟೀನಿನಲ್ಲಿ ಕಾಫಿಗೆ ನಿಂತಿದ್ದಾಗ ರವಾನೆ ವಿಭಾಗದ ಹುಡುಗ ನಿಟ್ಟುಸಿರು ಬಿಟ್ಟ. "ಹದಿನೇಳು ವರ್ಷ ಕಾದಿದ್ದೀವಿ ಸಾರ್. ಈ ಸಲ ಕಪ್ ನಮ್ದೇ."

ರಾಯರಿಗೆ ಕರುಳು ಚುರುಕ್ ಎಂದಿತು. "ನೀವೇ ತಗೊಳ್ಳಿ ಮಾರಾಯ್ರೆ, ನನಗೆ ಲೋಟ ಸಾಕು" ಎಂದು ಕಪ್ಪನ್ನು ಅವನತ್ತ ಸರಿಸಿದರು. ಮಧ್ಯಾಹ್ನ ಅವನ ಮೇಜಿಗೇ ಬಂದು, ಹದಿನೇಳು ವರ್ಷ ಕಪ್ ಕೊಡದ ಕ್ಯಾಂಟೀನಿನವರ ಮೇಲೆ ಬಾಯಿಮಾತಿನ ದೂರು ಸಾಲದು, ಬರವಣಿಗೆಯಲ್ಲಿ ಕೊಡಬೇಕು ಎಂದು ಬುದ್ಧಿ ಹೇಳಿದರು. ಹುಡುಗನ ವಯಸ್ಸು ಇಪ್ಪತ್ತನಾಲ್ಕು ಎಂಬುದು ಅವರ ಲೆಕ್ಕಕ್ಕೆ ಬರಲಿಲ್ಲ. ಜೂನ್ 3ರ ರಾತ್ರಿ ಆರ್‌ಸಿಬಿ ಕಡೆಗೂ ಗೆದ್ದು ಬೀದಿಬೀದಿಯಲ್ಲಿ ಪಟಾಕಿ ಸಿಡಿದಾಗ ರಾಯರು ಎದ್ದು ಪಂಚಾಂಗ ತೆಗೆದರಂತೆ. ಜ್ಯೇಷ್ಠ ಶುದ್ಧ ಅಷ್ಟಮಿ. ಪಟಾಕಿಗೆ ಆಧಾರ ಸಿಗಲಿಲ್ಲ, ಮತ್ತೆ ಮಲಗಿದರು.

ಹಾಗೆಂದು ಅವರು ದಡ್ಡರಲ್ಲ. ಅಲ್ಲೇ ಇರುವುದು ನಮ್ಮ ಕಷ್ಟ. ಒಬ್ಬ ಗಡ್ಡಧಾರಿ ತನ್ನನ್ನು ತಾನೇ ರಾಕಿ ಭಾಯ್ ಎಂದು ಕರೆದುಕೊಂಡು, ಕೆಜಿಎಫ್ ನೋಡಿದ್ದೀರಾ ಸಾರ್ ಎಂದು ಕೇಳಿದ. ಸಿನಿಮಾ ಬಂದದ್ದು 2018ರಲ್ಲಿ, ಎರಡನೆಯ ಭಾಗ 2022ರಲ್ಲಿ. ರಾಯರಿಗೆ ಎರಡರ ಸುಳಿವೂ ಇರಲಿಲ್ಲ. "ನೋಡದೆ ಏನು, ನಮ್ಮ ಸೋದರಮಾವ ಅಲ್ಲೇ ಕೆಲಸಕ್ಕಿದ್ದದ್ದು" ಎಂದು ಶುರುಮಾಡಿದರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ ಇಳಿದದ್ದು, ತಳದಲ್ಲಿ ಬಂಡೆಯೇ ಬಿಸಿಯಾಗಿ ಸುಡುತ್ತಿದ್ದದ್ದು, ಕಲ್ಲು ಸಿಡಿದು ಜನ ಸಾಯುತ್ತಿದ್ದದ್ದು, 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂದದ್ದು, 2001ರಲ್ಲಿ ಬಾಗಿಲು ಹಾಕಿದ್ದು. ಎಲ್ಲ ಹೇಳಿ ಮುಗಿಸಿ, "ನಿಮ್ಮ ರಾಕಿ ಯಾವ ಶಾಫ್ಟಿನಲ್ಲಿದ್ದರು?" ಎಂದರು. ಗಡ್ಡಧಾರಿ ಗಡ್ಡ ಸವರಿಕೊಂಡು ಕೂತ. ಅಷ್ಟು ಸಲ ಸಿನಿಮಾ ನೋಡಿದವನಿಗೆ ಅದು ನಿಜವಾದ ಊರು ಎಂಬುದು ಅರೆಬರೆ ಮಾತ್ರ ನೆನಪಿತ್ತು.

ಇದೆಲ್ಲದರ ಬೇರು ಅವರ ಬಾಲ್ಯದಲ್ಲಿದೆ. ತಂದೆ ಸಿನಿಮಾ ದ್ವೇಷಿ, ಮನೆಯಲ್ಲಿ ಆಕಾಶವಾಣಿಯ ಪ್ರದೇಶ ಸಮಾಚಾರ ಮುಗಿದರೆ ರೇಡಿಯೋ ಬಂದ್. ಒಮ್ಮೆ ಶಾಲೆಯವರೇ 'ಸತ್ಯ ಹರಿಶ್ಚಂದ್ರ'ಕ್ಕೆ ಕರೆದೊಯ್ದರಂತೆ. ಮಧ್ಯಂತರದಲ್ಲಿ ದೀಪ ಹತ್ತಿದಾಗ ಮುಗಿಯಿತೆಂದು ತಿಳಿದು ರಾಯರು ಮನೆಗೆ ನಡೆದರು. ಉಳಿದರ್ಧ ಗೊತ್ತಾಗಲೇ ಇಲ್ಲವೇ ಎಂದು ಕೇಳಿದರೆ, "ರಾಘವಾಂಕನಲ್ಲಿ ಓದಿಕೊಂಡೆ" ಎನ್ನುತ್ತಾರೆ. 'ನಾಗರಹಾವು' ವಿಷಯದಲ್ಲೂ ಅಷ್ಟೇ. 1972ರ ಆ ಸಿನಿಮಾ ನೋಡದ ಕನ್ನಡಿಗ ಇದ್ದಾನೆಂದರೆ ಜನ ನಂಬುವುದಿಲ್ಲ. ಒಬ್ಬರು ಪ್ರೀತಿಯಿಂದ, ನೀವು ನಮ್ಮ ಚಾಮಯ್ಯ ಮೇಷ್ಟ್ರು ಎಂದಾಗ ರಾಯರು, ತಾವು ಮೇಷ್ಟ್ರಾಗಿರಲಿಲ್ಲ, ಮೊದಲಿನಿಂದಲೂ ಲೆಕ್ಕಪತ್ರ ವಿಭಾಗ ಎಂದು ತಿದ್ದಿದರು. ಸಿನಿಮಾ ಎಂದು ತಿಳಿಸಿದಾಗ, ತ.ರಾ.ಸು. ಅವರ ಒಂದಲ್ಲ, ಮೂರು ಕಾದಂಬರಿ ಸೇರಿಸಿ ಅದನ್ನು ಮಾಡಿದ್ದು ಎಂದು ಇನ್ನೊಮ್ಮೆ ತಿದ್ದಿದರು.

ವಾಟ್ಸಾಪ್ ಗುಂಪಿನಲ್ಲಿ ಒಬ್ಬ ಪ್ರೇಮಭಗ್ನ 'ಮುಂಗಾರು ಮಳೆ'ಯ ಮೊಲ ದೇವದಾಸನ ಚಿತ್ರ ಹಾಕಿದ. ಹತ್ತಾರು ಜನ ಒಡೆದ ಹೃದಯ ಕಳಿಸಿದರು. ರಾಯರದ್ದು ಎರಡು ಸಾಲು: ಸಾಕುಮೊಲವಾದರೆ ತೊಂದರೆಯಿಲ್ಲ, ಕಾಡುಮೊಲವಾದರೆ ವನ್ಯಜೀವಿ ಕಾಯ್ದೆಯಂತೆ ಅಪರಾಧ, ದಯವಿಟ್ಟು ಖಚಿತಪಡಿಸಿಕೊಳ್ಳಿ. ಪ್ರೇಮಭಗ್ನ ಚಿತ್ರ ಅಳಿಸಿದ.

ರಾಯರೂ ಉಪಮೆ ಬಳಸುತ್ತಾರೆ ಎಂಬುದು ಹೊಸಬರಿಗೆ ತಡವಾಗಿ ತಿಳಿಯುತ್ತದೆ. ವಾರ್ಷಿಕ ಲೆಕ್ಕ ಒಂದು ದಿನದಲ್ಲಿ ಮುಗಿಸುತ್ತೇನೆ ಎಂದು ಹೆಣ್ಣುಮಕ್ಕಳ ಮುಂದೆ ಕೊಚ್ಚಿಕೊಂಡು, ಲೆಕ್ಕ ಪರಿಶೋಧಕರು ಬಂದ ದಿನ ರಜೆ ಹಾಕಿದವನ ಬಗ್ಗೆ ಅವರು, "ಉತ್ತರಕುಮಾರ" ಎಂದರು. ನಮ್ಮ ರಾಕಿ ಹುಡುಗ, "ಉತ್ತರ ಕುಮಾರ್ ಯಾವ ಸೆಕ್ಷನ್ ಸಾರ್?" ಎಂದ. ಅವತ್ತು ರಾಯರು ನಗಬಹುದಿತ್ತು. ನಾನಾಗಿದ್ದರೆ ಖಂಡಿತ ನಗುತ್ತಿದ್ದೆ. ಅವರು ಪೆನ್ನಿನ ಮುಚ್ಚಳ ಹಾಕಿ, ವಿರಾಟನ ಅಂತಃಪುರ, ಬೃಹನ್ನಳೆಯ ಸಾರಥ್ಯ, ಕೌರವಸೇನೆ ಕಂಡು ರಥದಿಂದ ಧುಮುಕಿದ ಓಟ ಎಲ್ಲವನ್ನೂ ಕುಮಾರವ್ಯಾಸನ ದಾರಿಯಲ್ಲಿ ಊಟದ ವೇಳೆಯಿಂದ ಚಹಾದ ವೇಳೆಯವರೆಗೆ ಹೇಳಿದರು. ಹುಡುಗ ಬಾಯಿ ತೆರೆದು ಕೇಳಿ, "ಸಾರ್, ಇದನ್ನ ಯಾರೂ ಸಿನಿಮಾ ಮಾಡಿಲ್ವಾ?" ಎಂದ.

ಇಷ್ಟು ತಿಳಿದಿದ್ದೂ ನಾವು ಮೊನ್ನೆ ಎಚ್ಚರ ತಪ್ಪಿದೆವು. ಬೆಳಿಗ್ಗೆಯಿಂದ ಮೇಡಂ ಕೋಣೆಯಿಂದ ಬೈಗುಳದ ಸದ್ದು. ಹೋದವರೆಲ್ಲ ಫೈಲು ಎದೆಗವಚಿಕೊಂಡು ಓಡಿ ಬರುತ್ತಿದ್ದರು. ಟೈಪಿಸ್ಟ್ ಪಿಸುಗುಟ್ಟಿದಳು: "ಒಳಗೆ ಹೋಗ್ಬೇಡಿ, ಮೇಡಂ ಇವತ್ತು ನಾಗವಲ್ಲಿ." 2004ರ 'ಆಪ್ತಮಿತ್ರ' ಬಂದಾಗಿನಿಂದ ಕೆಂಗಣ್ಣು ಬಿಟ್ಟ ಹೆಂಗಸರಿಗೆಲ್ಲ ಈ ನಾಡಿನಲ್ಲಿ ಅದೇ ಬಿರುದು. ಎಲ್ಲರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಮೂಲೆಯಿಂದ ಹಾಗಂದ್ರೆ ಬರಲಿಲ್ಲ. ನಮಗೆ ಆಗಲೇ ಅನುಮಾನ ಬರಬೇಕಿತ್ತು. ಈ ಒಂದು ಪದ ರಾಯರಿಗೆ ಗೊತ್ತಿತ್ತು. ನಾಗವಲ್ಲಿ ಎಂದರೆ ಅವರಿಗೆ ಮದುವೆಯ ಮಾರನೆಯ ದಿನದ ನಾಗೋಲಿ ಶಾಸ್ತ್ರ.

ಅವರು ನೇರ ಒಳಗೆ ಹೋಗಿ ಕೈಮುಗಿದರು. "ಮೇಡಂ, ಇವತ್ತು ನಾಗವಲ್ಲಿಯಂತೆ. ತಿಳಿದೇ ಇರಲಿಲ್ಲ. ಅಭಿನಂದನೆ. ಒಂದು ರಜೆ ಹಾಕಬಹುದಿತ್ತಲ್ಲ."

ಮೇಡಂ 'ಆಪ್ತಮಿತ್ರ' ಎರಡು ಸಲ ನೋಡಿದವರು. ಬಾಗಿಲು ತೆರೆಯಿತು. ಇಡೀ ವಿಭಾಗ ಕಂಪ್ಯೂಟರಿನೊಳಗೆ ತಲೆ ಹಾಕಿತು. "ಯಾರು ಹೇಳಿದ್ದು ನಾಗವಲ್ಲಿ ಅಂತ?"

ರಾಯರು ಸುಳ್ಳು ಹೇಳುವವರಲ್ಲ. ರಾಘವಾಂಕನನ್ನು ಓದಿಕೊಂಡವರು. "ಟೈಪಿಸ್ಟ್ ಹೇಳಿದ್ದು ಮೇಡಂ. ಆದರೆ ಸಂತೋಷಪಟ್ಟವರು ಎಲ್ಲರೂ" ಎಂದು, ಕುಳಿತಿದ್ದ ಸಾಲಿನ ಕ್ರಮದಲ್ಲೇ ಹೆಸರು ಹೇಳತೊಡಗಿದರು.