ಸರ್ವರ್ ಬಂದ ಮೇಲೆ ಬನ್ನಿ

ಕಿಟಕಿಯಾಚೆ ಕೂತಿದ್ದ ಗುಮಾಸ್ತರು ತಲೆ ಎತ್ತದೆ ಹೇಳಿದರು: ‘ಸರ್ವರ್ ಇಲ್ಲ.’

ತಿಂಡಿ ತಿನ್ನದೆ ಬಂದಿದ್ದ ನನ್ನ ಹೊಟ್ಟೆಗೆ ಮೊದಲು ಹೊಳೆದದ್ದು ಕಚೇರಿಯ ಎದುರಿನ ಉಡುಪಿ ಹೋಟೆಲು. ಅಲ್ಲಿ ಸರ್ವರ್ ಇದ್ದ. ಅಂಗೈಯಿಂದ ಮೊಣಕೈವರೆಗೆ ದೋಸೆಯ ತಟ್ಟೆಗಳನ್ನು ಜೋಡಿಸಿಕೊಂಡು ಓಡಾಡುತ್ತಿದ್ದವನನ್ನು ಈಗಷ್ಟೇ ನೋಡಿಕೊಂಡು ಬಂದಿದ್ದೆ. ‘ಇದ್ದಾನಲ್ಲ ಸಾರ್’ ಅಂದೆ. ಗುಮಾಸ್ತರು ಈಗ ತಲೆ ಎತ್ತಿದರು. ‘ಆ ಸರ್ವರ್ ಅಲ್ಲಾರೀ. ಬೆಂಗಳೂರಿನ ಸರ್ವರ್.’

ಅದು ಯಾವ ಕಚೇರಿ ಎಂದು ಕೇಳಬೇಡಿ. ಕಳೆದ ಸಲ ನೀವು ಹೋಗಿ ಬರಿಗೈಲಿ ವಾಪಸಾದಿರಲ್ಲ, ಅದೇ ಎಂದುಕೊಳ್ಳಿ. ತಪ್ಪಾಗುವುದಿಲ್ಲ.

‘ಯಾವಾಗ ಬರುತ್ತೆ ಸಾರ್?’

‘ಬಂದಾಗ.’

ಇದು ಉಡಾಫೆಯ ಮಾತಲ್ಲ. ಪಾಪ, ಅವರಿಗೂ ಗೊತ್ತಿಲ್ಲ. ಮಳೆ ಯಾವಾಗ ಎಂದು ಕೇಳಿದರೆ ರೈತ ಮುಗಿಲು ನೋಡುವ ಹಾಗೆ ಅವರು ಪರದೆಯ ಮೇಲೆ ಸುತ್ತುತ್ತಿದ್ದ ಪುಟ್ಟ ಚಕ್ರವನ್ನು ನೋಡಿದರು. ಮಳೆಯಾದರೆ ವಾಸಿ. ಬಾರದಿದ್ದರೆ ಕಪ್ಪೆಗೋ ಕತ್ತೆಗೋ ಮದುವೆ ಮಾಡಿಸುವ ಪದ್ಧತಿಯಾದರೂ ಇದೆ. ಸರ್ವರ್ ಬಾರದಿದ್ದರೆ ಯಾವ ಪ್ರಾಣಿಗೆ ತಾಳಿ ಕಟ್ಟಿಸಬೇಕೆಂದು ಯಾವ ಪಂಚಾಂಗವೂ ಹೇಳುವುದಿಲ್ಲ.

ಕನ್ನಡಿಗರಿಗೆ ಸರ್ವರ್ ಎಂಬ ಪದ ಪರಿಚಯವಾದದ್ದು ಹೋಟೆಲಿನಲ್ಲಿ. ಎಂಟು ಜನ ಕೂತ ಮೇಜಿಗೆ ಬಂದು, ಒದ್ದೆ ಬಟ್ಟೆಯಲ್ಲಿ ಮೇಜು ಒರೆಸುತ್ತಲೇ ಆತ ಎಲ್ಲ ಕೇಳಿಸಿಕೊಳ್ಳುತ್ತಿದ್ದ: ಎರಡು ಮಸಾಲೆ, ಒಂದು ಸೆಟ್, ಒಂದು ರವೆ ದೋಸೆ ಈರುಳ್ಳಿ ಹಾಕದೆ, ಮೂರು ಇಡ್ಲಿ-ವಡೆ ಸಾಂಬಾರು ಬೇರೆ, ಒಬ್ಬರಿಗೆ ಏನೂ ಬೇಡ, ಐದು ಕಾಫಿ, ಅದರಲ್ಲೆರಡು ಸಕ್ಕರೆ ಇಲ್ಲದ್ದು. ಕಾಗದವಿಲ್ಲ, ಪೆನ್ನಿಲ್ಲ. ಹತ್ತು ನಿಮಿಷದಲ್ಲಿ ಸಕ್ಕರೆ ಇಲ್ಲದ ಕಾಫಿ ಸಕ್ಕರೆ ಕಾಯಿಲೆಯವರ ಮುಂದೆಯೇ ಬಂದು ಕೂರುತ್ತಿತ್ತು. ಏನೂ ಬೇಡ ಎಂದವರ ಮುಂದೆ, ಅವರ ಮನಸ್ಸು ಬದಲಾಗುತ್ತದೆಂದು ಗೊತ್ತಿದ್ದವನ ಹಾಗೆ, ಒಂದು ಖಾಲಿ ತಟ್ಟೆ. ಹೆಚ್ಚುಕಮ್ಮಿಯಾದರೆ ಅವನನ್ನು ಬೈಯಬಹುದಿತ್ತು. ಸಾಲದೆಂದರೆ ಗಲ್ಲಾಪೆಟ್ಟಿಗೆಯ ಮುಂದೆ ಕೂತ ಮಾಲೀಕರವರೆಗೆ ಜಗಳ ಒಯ್ಯಬಹುದಿತ್ತು. ಬೈಗುಳಕ್ಕೊಂದು ಮುಖ ಇತ್ತು.

ಹೊಸ ಸರ್ವರ್ ಎಲ್ಲೋ ತಣ್ಣನೆಯ ಕೋಣೆಯಲ್ಲಿ, ನಮಗಿಂತ ಒಳ್ಳೆಯ ಹವಾನಿಯಂತ್ರಣದಲ್ಲಿ ಕೂತಿದೆ. ಅದಕ್ಕೆ ಮುಖವಿಲ್ಲ. ಅದರ ಪರವಾಗಿ ಬೈಸಿಕೊಳ್ಳಲು ಗುಮಾಸ್ತರಿದ್ದಾರೆ. ಅವರನ್ನು ಬೈದರೆ ಕರ್ತವ್ಯಕ್ಕೆ ಅಡ್ಡಿಪಡಿಸಿದಂತಾಗುತ್ತದೆ ಎಂದು ಅವರ ತಲೆಯ ಮೇಲೆಯೇ ಬೋರ್ಡು ತೂಗುಹಾಕಿದೆ. ಒಟ್ಟು ಕಚೇರಿಯಲ್ಲಿ ಒಂದು ಕ್ಷಣವೂ ಕೆಡದೆ ಕೆಲಸ ಮಾಡುತ್ತಿದ್ದ ಸಲಕರಣೆ ಆ ಬೋರ್ಡು ಒಂದೇ.

ನನ್ನ ಮುಂದೆ ನಿಂತಿದ್ದ ಅಜ್ಜಿಯ ಕಷ್ಟ ಸರ್ವರ್ ಹೋಗುವುದಕ್ಕಿಂತ ಹಿಂದಿನದು. ಮೂರನೆಯ ಸಲ ಬಂದಿದ್ದರಂತೆ.

‘ಬೆರಳು ತಗೊಳ್ತಾ ಇಲ್ಲ ಅಜ್ಜಿ.’

‘ಇಲ್ಲೇ ಐತಲ್ಲಪ್ಪಾ ಬೆರಳು.’

ಸೆರಗಿಗೆ ಒರೆಸಿ ಇಡಿಸಿದರು. ತಲೆಗೂದಲಿಗೆ ಉಜ್ಜಿ ಇಡಿಸಿದರು. ಆ ಕೈ ಆಯಿತು, ಈ ಕೈ ಆಯಿತು, ಹತ್ತೂ ಬೆರಳು ಪರೀಕ್ಷೆಗೆ ಕೂತು ಹತ್ತೂ ನಪಾಸಾದವು. ಐವತ್ತು ವರ್ಷ ಅಡಿಕೆ ಸುಲಿದು, ಬೂದಿಯಲ್ಲಿ ಪಾತ್ರೆ ತಿಕ್ಕಿ ಗೆರೆ ಸವೆದ ಬೆರಳುಗಳು. ಕೊನೆಗೆ ತೀರ್ಪು ಬಂತು: ‘ನಿಮ್ಮ ಬೆರಳೇ ಸರಿ ಇಲ್ಲ ಅಜ್ಜಿ.’ ಆ ಯಂತ್ರ ಬಂದು ಎರಡು ವರ್ಷವಾಗಿರಬಹುದು. ಬೆರಳು ಬಂದು ಎಪ್ಪತ್ತೆರಡು. ಎರಡರಲ್ಲಿ ಕೆಟ್ಟಿರುವುದು ಯಾವುದು ಎಂದು ತೀರ್ಮಾನಿಸುವ ಅಧಿಕಾರ ಮಾತ್ರ ಯಂತ್ರಕ್ಕೇ ಕೊಟ್ಟಿದ್ದೇವೆ.

ಅಜ್ಜಿ ಬೆರಳನ್ನು ಅತ್ತಿತ್ತ ತಿರುಗಿಸಿ ನೋಡಿಕೊಂಡರು. ‘ಓಟಿನ ದಿನ ಇದೇ ಬೆರಳಿಗೆ ಶಾಯಿ ಹಚ್ಚಿದ್ರಲ್ಲ, ಅವತ್ತು ಸರಿ ಇತ್ತಾ?’

ಗುಮಾಸ್ತರು ಚಕ್ರ ನೋಡಿದರು. ಮೈಸೂರಿನಲ್ಲಿ ತಯಾರಾಗುವ ಆ ಶಾಯಿ 1962ರ ಚುನಾವಣೆಯಿಂದ ದೇಶದ ಬೆರಳುಗಳಿಗೆ ಅಂಟಿಕೊಳ್ಳುತ್ತ ಬಂದಿದೆ. ಅದಕ್ಕೆ ಸರ್ವರ್ ಬೇಡ, ಪಾಸ್‌ವರ್ಡ್ ಬೇಡ. ಅದು ಯಾವ ಅಜ್ಜಿಗೂ ‘ನಿಮ್ಮ ಬೆರಳು ಸರಿ ಇಲ್ಲ’ ಎಂದದ್ದಿಲ್ಲ.

ಹಾಗೆಂದು ಹಿಂದಿನ ಕಾಲದ ಯಂತ್ರಗಳೆಲ್ಲ ಸತ್ಯಹರಿಶ್ಚಂದ್ರನ ವಂಶದವೇನಲ್ಲ. ನಮ್ಮ ಮನೆಯ ರೇಡಿಯೋ ಸರಿಯಾಗಿ ಪ್ರದೇಶ ಸಮಾಚಾರದ ಹೊತ್ತಿಗೆ ಗೊರಗೊರ ಎನ್ನುತ್ತಿತ್ತು. ಅಪ್ಪ ಎದ್ದು ಹೋಗಿ ಅದರ ಬಲಗೆನ್ನೆಗೆ ಒಂದು ಕೊಡುತ್ತಿದ್ದರು. ಒಳಗೆ ಬೆಸುಗೆ ಬಿಟ್ಟ ತಂತಿ ಏಟಿಗೆ ಮತ್ತೆ ಕೂಡಿಕೊಂಡು ಸಮಾಚಾರ ಮುಂದುವರಿಯುತ್ತಿತ್ತು. ಟಿ.ವಿ. ಬಂದ ಮೇಲೆ ಅಣ್ಣ ಹೆಂಚಿನ ಮೇಲೆ, ನಾನು ಅಂಗಳದಲ್ಲಿ, ಅಮ್ಮ ಟಿ.ವಿ.ಯ ಮುಂದೆ. ‘ಬಂತಾ?’ ‘ಬಂತು... ಹೋಯ್ತು... ಹಾಂ, ಹಾಗೇ ಹಿಡ್ಕೊ!’ ಅಣ್ಣ ಅರ್ಧ ಸಿನಿಮಾ ಆಂಟೆನಾ ಹಿಡಿದೇ ಕಳೆದಿದ್ದಾನೆ. ಕೆಡುತ್ತಿತ್ತು, ಸಾಕಷ್ಟು ಕೆಡುತ್ತಿತ್ತು. ಆದರೆ ಕೆಟ್ಟದ್ದು ರೇಡಿಯೋ ಎಂಬುದರಲ್ಲಿ ಮನೆಯೊಳಗೆ ಯಾರಿಗೂ ಅನುಮಾನವಿರಲಿಲ್ಲ. ಏಟು ಯಾರಿಗೆ ಬೀಳಬೇಕೋ ಅವರಿಗೇ ಬೀಳುತ್ತಿತ್ತು.

ಈಚೆಗೆ ನಮ್ಮ ಬಟ್ಟೆ ಒಗೆಯುವ ಮೆಷಿನ್ನು ನಿಂತಿತು. ಕಂಪನಿಯ ಹುಡುಗ ಬಂದ, ಹಿಂಬದಿಯ ಮುಚ್ಚಳ ತೆಗೆದ, ಇಣುಕಿದ, ನಿಟ್ಟುಸಿರಿಟ್ಟ. ‘ಬೋರ್ಡ್ ಹೋಗಿದೆ ಸಾರ್.’ ಎಲ್ಲಿಗೆ ಎಂದು ಹೇಳಲಿಲ್ಲ. ‘ರಿಪೇರಿ ಮಾಡಪ್ಪ.’ ‘ಬೋರ್ಡು ರಿಪೇರಿಗೆ ಬರಲ್ಲ ಸಾರ್, ಹೊಸದೇ ಹಾಕ್ಬೇಕು. ಆ ರೇಟಿಗೆ ಇನ್ನೊಂದ್ಸ್ವಲ್ಪ ಸೇರಿಸಿದ್ರೆ ಹೊಸ ಮೆಷಿನ್ನೇ ಬರುತ್ತೆ.’ ವಾರಂಟಿ ಚೀಟಿ ತೋರಿಸಿದೆ. ಅವನು ಗೋಡೆಯ ಪ್ಲಗ್ಗನ್ನು ಅಪರಾಧಿಯನ್ನು ನೋಡುವಂತೆ ನೋಡಿದ. ‘ನಿಮ್ಮನೇಲಿ ವೋಲ್ಟೇಜ್ ಜಾಸ್ತಿ ಬಂದಿರ್ಬೇಕು. ಅದಕ್ಕೆ ವಾರಂಟಿ ಇಲ್ಲ.’ ಅಜ್ಜಿಯ ಮನೆಯಲ್ಲಿ ಬೆರಳು ಸರಿ ಇಲ್ಲ, ನಮ್ಮ ಮನೆಯಲ್ಲಿ ಕರೆಂಟು ಸರಿ ಇಲ್ಲ. ಕೊಂಡ ವಸ್ತುವನ್ನು ರಿಪೇರಿ ಮಾಡಿಸಿಕೊಳ್ಳುವುದು ಗ್ರಾಹಕರ ಹಕ್ಕು ಎಂದು ಕೇಂದ್ರ ಸರ್ಕಾರ 2022ರಲ್ಲಿ ಒಂದು ಪೋರ್ಟಲ್ಲನ್ನೇ ತೆರೆದಿದೆ. ಹಕ್ಕು ಸುರಕ್ಷಿತವಾಗಿದೆ. ಅದೂ ಸರ್ವರ್‌ನಲ್ಲಿದೆ.

ವಸ್ತು ಬೇಗ ಕೆಡಲಿ ಎಂದು ಮಾಡುವವರೇ ಹರಕೆ ಹೊರುತ್ತಾರೆಯೇ? ಹೊತ್ತದ್ದುಂಟು. 1924ರಲ್ಲಿ ಜಗತ್ತಿನ ದೊಡ್ಡ ದೊಡ್ಡ ಬಲ್ಬು ಕಂಪನಿಗಳು ಜಿನೀವಾದಲ್ಲಿ ಸೇರಿ ಫೀಬಸ್ ಎಂಬ ಕೂಟ ಕಟ್ಟಿಕೊಂಡವು. ಬಲ್ಬು 1,000 ಗಂಟೆಗಿಂತ ಹೆಚ್ಚು ಬಾಳಕೂಡದು ಎಂಬುದು ಅವುಗಳ ಒಡಂಬಡಿಕೆ. ಹೆಚ್ಚು ಬಾಳುವ ಬಲ್ಬು ಮಾಡಿ ಸಿಕ್ಕಿಬಿದ್ದ ಕಂಪನಿಗೆ ದಂಡ! ಈ ದಂಡಕ್ಕೆ ಹೆದರಬೇಕಿಲ್ಲದ ಒಂದು ಮುದುಕ ಬಲ್ಬು ಅಮೆರಿಕದ ಕ್ಯಾಲಿಫೋರ್ನಿಯಾದ ಲಿವರ್‌ಮೋರ್ ಊರಿನ ಅಗ್ನಿಶಾಮಕ ಠಾಣೆಯಲ್ಲಿದೆ. 1901ರಿಂದ ಉರಿಯುತ್ತಿದೆ. 2013ರಲ್ಲೊಂದು ದಿನ ಅದು ಆರಿತು. ಊರು ಶೋಕಕ್ಕೆ ಸಿದ್ಧವಾಯಿತು. ನೋಡಿದರೆ ಸತ್ತದ್ದು ಬಲ್ಬಲ್ಲ, ಕರೆಂಟು ಹೋದರೂ ಅದು ಆರದಿರಲಿ ಎಂದು ಇಟ್ಟಿದ್ದ ಯುಪಿಎಸ್. ಯುಪಿಎಸ್ಸನ್ನು ಬಿಟ್ಟು ನೇರ ವೈರು ಎಳೆದರು. ಮುದುಕ ಮತ್ತೆ ಕಣ್ಣು ಬಿಟ್ಟ. ಕಾಪಾಡಲು ನೇಮಿಸಿದ ಎಲೆಕ್ಟ್ರಾನಿಕ್ ಸಲಕರಣೆಯಿಂದ ಕಾಪಾಡಿದರೆ ಸಾಕು ಎಂಬುದೇ ಅವನ ದೀರ್ಘಾಯುಷ್ಯದ ಗುಟ್ಟು.

ಬಲ್ಬಿನವರು ಗುಟ್ಟಾಗಿ ಮಾಡಿದ್ದನ್ನು ಫೋನಿನವರು ನಮ್ಮ ಮೇಲಿನ ಪ್ರೀತಿಯಿಂದ ಮಾಡಿದರು. ಹಳೆಯ ಐಫೋನುಗಳು ಏಕಾಏಕಿ ತೆವಳತೊಡಗಿದಾಗ ಜನ ತಮ್ಮ ಬೆರಳನ್ನೇ ಅನುಮಾನಿಸಿದರು. 2017ರ ಡಿಸೆಂಬರಿನಲ್ಲಿ ಆಪಲ್ ಒಪ್ಪಿಕೊಂಡಿತು: ಬ್ಯಾಟರಿಗೆ ವಯಸ್ಸಾದ ಫೋನುಗಳನ್ನು ಅಪ್‌ಡೇಟ್ ಕಳಿಸಿ ನಾವೇ ನಿಧಾನ ಮಾಡಿದೆವು, ಅವು ಥಟ್ಟನೆ ಆಫ್ ಆಗದಿರಲೆಂಬ ಕಾಳಜಿಯಿಂದ. ಅಪ್ಪ ಮೆಟ್ಟಿಲಿಳಿದು ಬಿದ್ದಾರೆಂದು ಅವರ ಕಾಫಿಗೆ ಗುಟ್ಟಾಗಿ ನಿದ್ರೆ ಮಾತ್ರೆ ಹಾಕಿದ ಮಗನ ಕಾಳಜಿ ಇದು. ಹೊಸ ಬ್ಯಾಟರಿ ಹಾಕಿಸಿದರೆ ಸಾಕಿತ್ತು, ಅದನ್ನು ಹೇಳಿರಲಿಲ್ಲ, ಅಷ್ಟೇ. ಹೇಳದಿದ್ದುದಕ್ಕೆ ಫ್ರಾನ್ಸ್ 2020ರಲ್ಲಿ ಎರಡೂವರೆ ಕೋಟಿ ಯೂರೋ ದಂಡ ಹಾಕಿತು. ಕಂಪನಿ ಕ್ಷಮೆಯನ್ನೂ ಕೇಳಿತ್ತು. ಅಷ್ಟರಲ್ಲಿ ಎಷ್ಟೋ ಜನ ‘ನನ್ನ ಫೋನಿಗೆ ವಯಸ್ಸಾಯಿತು’ ಎಂದು ಹೊಸದು ಕೊಂಡಾಗಿತ್ತು.

ಆಪಲ್ ಹಾಗೆ ಒಪ್ಪಿಕೊಂಡ ಮರುವರ್ಷ, 2018ರ ಫೆಬ್ರುವರಿಯಲ್ಲಿ, ನಮ್ಮ ನೆರೆಯ ತೆಲುಗಿನ ಒಂದು ಅಕ್ಷರ ಬಂದರೆ ಸಾಕು, ಅದೇ ಐಫೋನಿನ ಸಂದೇಶದ ಆ್ಯಪ್‌ಗಳು ಮೂರ್ಛೆ ಹೋಗುತ್ತಿದ್ದವು. ಯಾವ ಅಕ್ಷರ ಅಂತೀರಿ? ‘ಜ್ಞಾ’. ಜಗತ್ತಿನ ಅಷ್ಟೂ ಸುಳ್ಳು ಸುದ್ದಿ, ಅಷ್ಟೂ ಶುಭೋದಯದ ಹೂಗುಚ್ಛಗಳನ್ನು ಕಣ್ಣು ಮಿಟುಕಿಸದೆ ಅರಗಿಸಿಕೊಂಡ ಸ್ಮಾರ್ಟ್ ಫೋನಿಗೆ ಜ್ಞಾನದ ಮೊದಲಕ್ಷರ ದಕ್ಕಲಿಲ್ಲ. ಅಪ್‌ಡೇಟ್ ಕಳಿಸಿ ಸರಿಪಡಿಸಿದರು. ಈ ಒಂದು ಸಲ ಮಾತ್ರ ಸರಿಪಡಿಸಿದ್ದು ಫೋನನ್ನೋ ಬಳಸುವವರನ್ನೋ ಎಂಬ ಗೊಂದಲ ಇರಲಿಲ್ಲ.

ಇಷ್ಟಾದರೂ ನಾವು ಜಗಳಕ್ಕೆ ಹೋಗುವಂತಿಲ್ಲ. ಏಕೆಂದರೆ ಒಪ್ಪಿಬಿಟ್ಟಿದ್ದೇವೆ. ಫೋನು ತೆರೆದ ಮೊದಲ ದಿನವೇ, ಬಾಲ್ಯದಲ್ಲಿ ಓದಿದ ಯಾವ ಪಠ್ಯಕ್ಕಿಂತಲೂ ಉದ್ದದ ಒಂದು ಬರಹದ ಕೆಳಗೆ ‘ಒಪ್ಪಿದ್ದೇನೆ’ ಎಂದು ಒತ್ತಿದ್ದೇವೆ. ತಂತ್ರಾಂಶ ‘ಇದ್ದದ್ದು ಇದ್ದ ಹಾಗೆ’ ಕೊಡಲಾಗಿದೆ, ಅದು ಕೆಲಸ ಮಾಡುತ್ತದೆಂಬ ಖಾತರಿ ಇಲ್ಲ, ನಷ್ಟವಾದರೆ ನಾವು ಹೊಣೆಯಲ್ಲ ಎಂಬುದು ಇಂಥ ಬರಹಗಳ ಸಾರ. ಎದುರಿನ ಹೋಟೆಲು ಹೀಗೆ ನಡೆದರೆ ಹೇಗಿರುತ್ತದೆ, ನೋಡಿ. ದೋಸೆ ಕೇಳಿದ ಕೂಡಲೇ ಸರ್ವರ್ ನಲವತ್ತು ಪುಟದ ಕರಾರುಪತ್ರ ತರುತ್ತಾನೆ. ದೋಸೆ ದೋಸೆಯಾಗಿಯೇ ಇರುತ್ತದೆಂಬ ಭರವಸೆ ಇಲ್ಲ. ತಿನ್ನುತ್ತಿರುವಾಗಲೇ ಅದು ಉಪ್ಪಿಟ್ಟಾಗಿ ಅಪ್‌ಡೇಟ್ ಆಗಬಹುದು, ಬೇಡವೆನ್ನುವ ಗುಂಡಿ ಇಲ್ಲ. ಚಟ್ನಿಗೆ ತಿಂಗಳ ಚಂದಾ ಬೇರೆ. ನೀವು ಏನೇನು ತಿಂದಿರಿ ಎಂಬುದನ್ನು ಪಕ್ಕದ ಔಷಧಿ ಅಂಗಡಿಗೆ ತಿಳಿಸಲು ಅನುಮತಿಸಿದ್ದೀರಿ. ಹೊಟ್ಟೆ ಕೆಟ್ಟರೆ ಅದು ಹೊಟ್ಟೆಯ ದೋಷ. ವ್ಯಾಜ್ಯವಿದ್ದರೆ ಕ್ಯಾಲಿಫೋರ್ನಿಯಾದ ಕೋರ್ಟಿಗೆ ಬನ್ನಿ. ಇಂಥ ಹೋಟೆಲಿಗೆ ನಮ್ಮೂರಿನ ಜನ ಬೆಂಕಿ ಇಡುತ್ತಿದ್ದರು. ಫೋನಿಗಾದರೆ ಸಾಲುಗಟ್ಟಿ, ಕಂತಿನಲ್ಲಿ ದುಡ್ಡು ಕಟ್ಟಿ, ‘ಒಪ್ಪಿದ್ದೇನೆ’ ಒತ್ತುತ್ತೇವೆ.

ಈ ಒಪ್ಪಂದದ ದೊಡ್ಡ ಹಬ್ಬ 2024ರ ಜುಲೈ 19ರಂದು ನಡೆಯಿತು. ಕಂಪ್ಯೂಟರುಗಳನ್ನು ಕಳ್ಳಕಾಕರಿಂದ ಕಾಯುವ ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿ ಒಂದು ಅಪ್‌ಡೇಟ್ ಕಳಿಸಿತು. ಕಳ್ಳರಿಂದ ಆಗದ ಕೆಲಸ ಕಾವಲುಗಾರನಿಂದ ಆಯಿತು. ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ 85 ಲಕ್ಷ ಕಂಪ್ಯೂಟರುಗಳು ನೀಲಿ ಪರದೆ ಹೊದ್ದು ಮಲಗಿದವು. ಜಗತ್ತಿನ ಅತಿ ಬುದ್ಧಿವಂತರು ತಲೆಗೆ ತಲೆ ಕೂಡಿಸಿದರು. ತನ್ನ ಕ್ಲೌಡ್‌ನಲ್ಲಿ ಕೆಟ್ಟು ಕೂತ ಯಂತ್ರಗಳಿಗೆ ಮೈಕ್ರೋಸಾಫ್ಟ್ ಸೂಚಿಸಿದ ಮದ್ದು: ಆಫ್ ಮಾಡಿ ಆನ್ ಮಾಡಿ. ಆಗದಿದ್ದರೆ ಮತ್ತೆ ಮಾಡಿ. 15 ಸಲದವರೆಗೂ ಬೇಕಾಗಬಹುದು. ನಮ್ಮಪ್ಪ ರೇಡಿಯೋಗೆ ಒಂದೇ ಏಟು ಕೊಡುತ್ತಿದ್ದರು. ಆ ದಿನ ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಸಿಬ್ಬಂದಿ ಬಾಲ್‌ಪೆನ್ನು ಹುಡುಕಿ, ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಟ್ಟರು. ವಿಮಾನ ಹಾರಿತು. ಪೆನ್ನು ಒಂದು ಸಲವೂ ‘ಮರುಪ್ರಯತ್ನಿಸಿ’ ಎನ್ನಲಿಲ್ಲ.

ಕಚೇರಿಯಲ್ಲಿ ಹನ್ನೆರಡು ಹೊಡೆಯಿತು. ಚಕ್ರ ಇನ್ನೂ ಸುತ್ತುತ್ತಿತ್ತು. ಗುಮಾಸ್ತರು ಎದ್ದು ಮೈಮುರಿದು, ‘ಬನ್ನಿ, ಅಷ್ಟರಲ್ಲಿ ಒಂದು ಕಾಫಿ’ ಎಂದರು. ಕರೆದವರು ಅವರು, ಕೊಡಿಸುವವನು ನಾನು ಎಂಬುದು ಇಬ್ಬರಿಗೂ ಗೊತ್ತಿತ್ತು. ಇದಕ್ಕೆ ಮಾತ್ರ ಯಾವ ಕರಾರುಪತ್ರವೂ ಬೇಕಾಗುವುದಿಲ್ಲ. ಎರಡು ವಡೆ, ಎರಡು ಕಾಫಿ. ಅವರು ಪೇಪರು ಬಿಡಿಸಿ ಕೂತರು. ನಾನು ಎದ್ದು ಗಲ್ಲಾದ ಮುಂದೆ ಫೋನು ತೆಗೆದು ಸ್ಕ್ಯಾನ್ ಮಾಡಿದೆ. ಅಲ್ಲೂ ಅದೇ ಚಕ್ರ. ಪ್ರತಿ ಐದು ನಿಮಿಷಕ್ಕೊಮ್ಮೆ ಯಾರದೋ ದುಡ್ಡು ಬಂತೆಂದು ಊರಿಗೆಲ್ಲ ಸಾರುವ ಡಬ್ಬಿ ಬಾಯಿ ಬಿಡಲಿಲ್ಲ. ಜೇಬಿನಲ್ಲಿ ನೋಟಿಲ್ಲ.

ಸರ್ವರ್ ಹಿಂದಿನಿಂದ ಬಂದ. ‘ಇರ್ಲಿ ಬಿಡಿ ಸಾರ್, ನಾಳೆ ಬರ್ತೀರಲ್ಲ.’

‘ನಾಳೆ ಬರ್ತೀನಿ ಅಂತ ನಿನಗೆ ಯಾರು ಹೇಳಿದ್ದು?’

‘ಅಲ್ಲಿ ಸರ್ವರ್ ಇಲ್ಲ ಅಂದ ದಿನ ಬಂದವ್ರೆಲ್ಲ ನಾಳೇನೂ ಬರ್ತಾರೆ ಸಾರ್. ನಮ್ಮ ಹೋಟ್ಲು ನಡೀತಿರೋದೇ ಹಾಗೆ.’

ಮರುದಿನ ಹೋದೆ. ಅಜ್ಜಿ ನನಗಿಂತ ಮೊದಲೇ ಬಂದು, ಬೆರಳುಗಳಿಗೆ ಹರಳೆಣ್ಣೆ ಹಚ್ಚಿಕೊಂಡು ಜಗುಲಿಯಲ್ಲಿ ಕೂತಿದ್ದರು. ಒಳಗೆ ಚಕ್ರ ಸುತ್ತುತ್ತಿತ್ತು. ಸೀದಾ ಹೋಟೆಲಿಗೆ ನಡೆದೆ. ಸರ್ವರ್ ನಾಲ್ಕು ಮೇಜಿನ ತಿಂಡಿ ಹೊತ್ತು ಓಡುತ್ತಲೇ ಗಲ್ಲಾದ ಕಡೆ ಕೂಗಿದ: ‘ಸಾರ್‌ದು ನಿನ್ನೇದು, ಎರಡು ಕಾಫಿ, ಮೂರು ವಡೆ!’

ಸಿಕ್ಕಿಬಿದ್ದ! ಕೊನೆಗೂ ಈ ಸರ್ವರ್ ಕೂಡ ತಪ್ಪು ಮಾಡಿದ ಎಂದು ಒಳಗೊಳಗೇ ಒಂದು ಖುಷಿಯಾಯಿತು. ‘ಎರಡೇ ವಡೆ ಕಣಪ್ಪಾ, ಸರಿಯಾಗಿ ನೆನಪು ಮಾಡ್ಕೊ.’

ಅವನು ನಿಂತ. ನೆನಪು ಮಾಡಿಕೊಳ್ಳುವುದಕ್ಕಲ್ಲ, ದನಿ ತಗ್ಗಿಸುವುದಕ್ಕೆ. ‘ಮೂರನೇದು ನೀವು ಎದ್ದು ಹೋದ ಮೇಲೆ ಸಾಹೇಬ್ರು ತಿಂದಿದ್ದು ಸಾರ್. ನಿಮ್ಮ ಲೆಕ್ಕಕ್ಕೆ ಹಾಕು ಅಂದ್ರು.’