ಪ್ರತೀಕ್ಷಾ ಮೀಮಾಂಸೆ: ಹನ್ನೊಂದು ವರ್ಷ ಬಾರದೆ ಕಾಡಿದ ಆಟವನ್ನು ಕುರಿತ ಶಾಸ್ತ್ರವಿಚಾರ

1. ವಿಷಯ, ಲಕ್ಷ್ಯ, ಅಧಿಕಾರಿ

ನಾಯಿಕೆಯರನ್ನು ಎಂಟು ಬಗೆಯಾಗಿ ವಿಂಗಡಿಸಿ, ನಲ್ಲನ ಬರವಿಗಾಗಿ ಸಿಂಗರಿಸಿಕೊಂಡು ಕಾದಿರುವವಳನ್ನು ವಾಸಕಸಜ್ಜಿಕೆಯೆಂದೂ ಅವನು ತಡಮಾಡಿದನೆಂದು ಬೇಯುವವಳನ್ನು ವಿರಹೋತ್ಕಂಠಿತೆಯೆಂದೂ ಬೇರೆಬೇರೆಯಾಗಿ ಹೆಸರಿಸುವಷ್ಟು ಸೂಕ್ಷ್ಮಜ್ಞರಾಗಿದ್ದ ಭರತಾದಿ ಆಚಾರ್ಯರು, ಇನ್ನೂ ಬಿಡುಗಡೆಯಾಗದ ಕಂಪ್ಯೂಟರ್ ಆಟಕ್ಕಾಗಿ ಕಾಯುವವನ ಬಗ್ಗೆ ಒಂದು ಶ್ಲೋಕವನ್ನೂ ಮೀಸಲಿಡದೆ ಹೋದದ್ದು ಅಲಂಕಾರಶಾಸ್ತ್ರದ ದೊಡ್ಡ ಲೋಪವೆಂದೇ ಹೇಳಬೇಕು. ಆ ಲೋಪವನ್ನು ತುಂಬಿಕೊಡುವುದು ಪ್ರಸ್ತುತ ಪ್ರಬಂಧದ ಪ್ರಯೋಜನ. ಓದುಗರಿಗೆ ಇದರಿಂದ ಬೇರೆ ಪ್ರಯೋಜನವೇನಾದರೂ ಉಂಟೇ ಎಂಬುದನ್ನು ಕೊನೆಯ ಪ್ರಕರಣದಲ್ಲಿ ವಿಚಾರಿಸಲಾಗುವುದು.

ಲಕ್ಷ್ಯವಾಗಿ ಇಲ್ಲಿ ಆರಿಸಿಕೊಂಡಿರುವುದು ಐರನ್ ಟವರ್ ಸ್ಟುಡಿಯೋ ಎಂಬ ಪುಟ್ಟ ತಂಡ 2004ರಲ್ಲಿ ಕೈಗೆತ್ತಿಕೊಂಡು 2015ರ ಅಕ್ಟೋಬರ್ 14ರಂದು ಆಡುವವರ ಕೈಗಿತ್ತ ‘ದಿ ಏಜ್ ಆಫ್ ಡೆಕಡೆನ್ಸ್’ ಎಂಬ ಆಟ. ಇದು ಜಾತಿಯಿಂದ ಆರ್‌ಪಿಜಿ, ಎಂದರೆ ಆಡುವವನು ಒಂದು ಪಾತ್ರವನ್ನು ತಾನೇ ರೂಪಿಸಿ, ಅದರ ಬಲಾಬಲಗಳಿಗೆ ತಕ್ಕಂತೆ ಕಥೆಯನ್ನು ನಡೆಸಿಕೊಂಡು ಹೋಗುವ ಬಗೆಯದು. ಕುಲದಿಂದ ಇಂಡೀ, ಎಂದರೆ ದೊಡ್ಡ ಪ್ರಕಾಶಕರ ಹಣದ ಆಸರೆಯಿಲ್ಲದ, ಆದಕಾರಣ ಅವರ ಗಡುವಿನ ಕಾಟವೂ ಇಲ್ಲದ ಸೃಷ್ಟಿ. ಕಥೆ ನಡೆಯುವುದು ಪತನಾನಂತರದ ರೋಮನ್ ಸಾಮ್ರಾಜ್ಯವನ್ನು ಮಾದರಿಯಾಗಿಟ್ಟುಕೊಂಡ ಕಲ್ಪಿತ ಲೋಕದಲ್ಲಿ. ಅಲ್ಲಿ ಮಂತ್ರಶಕ್ತಿಯ ಮಹಾಯುದ್ಧವೊಂದು ಚಕ್ರಾಧಿಪತ್ಯವನ್ನು ಚೂರುಮಾಡಿ ಹೋಗಿ ಎಷ್ಟೋ ಕಾಲವಾಗಿದ್ದು, ಉಳಿದ ಊರುಗಳನ್ನು ಹಂಚಿಕೊಂಡ ಗಣ್ಯ ಮನೆತನಗಳೂ ವರ್ತಕರ, ಹಂತಕರ, ಕಳ್ಳರ ಸಂಘಗಳೂ ಪಾಳುಬಿದ್ದ ವೈಭವದ ಚಿಂದಿಗಾಗಿ ಕಚ್ಚಾಡುತ್ತಿವೆ. ಈ ಜಾತಿಯ ಆಟಗಳಲ್ಲಿ ಬೇಡವೆಂದರೂ ಬಂದು ಕೂರುವ ಎಲ್ಫ್‌ಗಳಾಗಲಿ ಡ್ರ್ಯಾಗನ್‌ಗಳಾಗಲಿ ಇಲ್ಲಿಲ್ಲ.

ಇಂಥ ಆಟಕ್ಕೆ ಕಾಯುವ ಅಧಿಕಾರ ಯಾರಿಗಿದೆ ಎಂಬ ಪ್ರಶ್ನೆಗೆ ಇತಿಹಾಸವೇ ಉತ್ತರ ಕೊಡುತ್ತದೆ. 1997ರ ‘ಫಾಲ್‌ಔಟ್’, 1999ರ ‘ಪ್ಲೇನ್‌ಸ್ಕೇಪ್: ಟಾರ್ಮೆಂಟ್’, 2001ರ ‘ಆರ್ಕೇನಮ್’ ಈ ಮೂರನ್ನೂ ಸವಿದು, ಅಂಥ ಆಟಗಳನ್ನು ಕಟ್ಟುತ್ತಿದ್ದ ಬ್ಲ್ಯಾಕ್ ಐಲ್ ಸ್ಟುಡಿಯೋ 2003ರ ಡಿಸೆಂಬರಿನಲ್ಲಿಯೂ ಟ್ರೋಯ್ಕಾ ಸಂಸ್ಥೆ 2005ರಲ್ಲಿಯೂ ಬಾಗಿಲು ಮುಚ್ಚಿದ ಮೇಲೆ ದಿಕ್ಕೆಟ್ಟು ನಿಂತವನೇ ಮುಖ್ಯಾಧಿಕಾರಿ. ಅವನಿಗೆ ಹೊಸ ಆಟಗಳಲ್ಲಿ ರುಚಿಯಿಲ್ಲ, ಹಳೆಯ ಆಟಗಳಲ್ಲಿ ಕಾಣದ ಮೂಲೆಯಿಲ್ಲ. ಆದ್ದರಿಂದ ಇಲ್ಲದ ಆಟದಲ್ಲಿ ಅವನ ಭಕ್ತಿ ನೆಲೆಗೊಂಡದ್ದು ಸಹಜವೇ ಆಗಿದೆ.

2. ಪ್ರಮಾಣ ವಿಚಾರ

ಬಾರದ ಆಟ ಬರುತ್ತದೆಂಬ ಜ್ಞಾನ ಹುಟ್ಟುವುದು ಯಾವ ಪ್ರಮಾಣದಿಂದ ಎಂಬುದು ಮುಂದಿನ ಪ್ರಶ್ನೆ. ಪ್ರತ್ಯಕ್ಷವೆಂದರೆ ಇಂದ್ರಿಯಕ್ಕೂ ವಸ್ತುವಿಗೂ ಆಗುವ ಸಂಬಂಧದಿಂದ ಹುಟ್ಟುವ ಜ್ಞಾನ. ಆದರೆ ಇಲ್ಲಿ ಕಣ್ಣಿಗೆ ಬೀಳುವುದು ಸ್ಕ್ರೀನ್‌ಶಾಟ್ ಮಾತ್ರವಾಗಿ, ಅದು ಆ ಒಂದು ಗೋಡೆಯೂ ಆ ಒಬ್ಬ ಕಾವಲುಗಾರನೂ ಆ ಒಂದು ಕ್ಷಣದಲ್ಲಿ ಇದ್ದರೆಂಬುದನ್ನಷ್ಟೇ ಸಾಧಿಸುತ್ತದೆ. ‘ಎಲ್ಲೆಲ್ಲಿ ಸ್ಕ್ರೀನ್‌ಶಾಟೋ ಅಲ್ಲಲ್ಲಿ ಆಟ’ ಎಂದು ವ್ಯಾಪ್ತಿ ಕಟ್ಟಿ ಅನುಮಾನಕ್ಕೆ ಹೊರಟರೆ, 1997ರಲ್ಲಿ ಘೋಷಿತವಾಗಿ 2011ರವರೆಗೂ ಚಿತ್ರಗಳನ್ನಷ್ಟೇ ತೋರಿಸುತ್ತ ಬಂದ ‘ಡ್ಯೂಕ್ ನ್ಯೂಕೆಮ್ ಫಾರೆವರ್’ ಹದಿನಾಲ್ಕು ವರ್ಷ ಆ ವ್ಯಾಪ್ತಿಯನ್ನು ಮುರಿದು ಕೂತಿತ್ತು. ಉಳಿದದ್ದು ಶಬ್ದಪ್ರಮಾಣ, ಎಂದರೆ ಆಪ್ತನ ಮಾತು. ತಂಡದ ಮುಖ್ಯಸ್ಥನು ವಿನ್ಸ್ ಡಿ. ವೆಲ್ಲರ್ ಎಂಬ ಇಟ್ಟುಕೊಂಡ ಹೆಸರಿನಿಂದಲೇ ಪ್ರಸಿದ್ಧನಾದವನಾದ್ದರಿಂದ, ಹೆಸರೇ ಕಲ್ಪಿತವಾಗಿರುವವನ ಮಾತಿಗೆ ಆಪ್ತತ್ವ ಸಲ್ಲುತ್ತದೆಯೇ ಎಂದು ತಾರ್ಕಿಕರು ಆಕ್ಷೇಪಿಸಬಹುದು. ಅದಕ್ಕೆ ಸಮಾಧಾನವೇನೆಂದರೆ, ‘ಮುಗಿದಾಗ ಬರುತ್ತದೆ’ ಎಂಬ ಈ ಕ್ಷೇತ್ರದ ಮಹಾವಾಕ್ಯವನ್ನು ಯಾರೇ ಹೇಳಲಿ, ಅದು ಎಂದಿಗೂ ಸುಳ್ಳಾಗಲಾರದು. ಯಾವ ದಿನವನ್ನೂ ಹೆಸರಿಸದ ಮಾತನ್ನು ಯಾವ ದಿನವೂ ಖಂಡಿಸಲಾರದು.

3. ದಶಾವಸ್ಥಾ ನಿರೂಪಣೆ

ನಾಟ್ಯಶಾಸ್ತ್ರವು ವಿರಹಿಗೆ ಅಭಿಲಾಷೆಯಿಂದ ಮರಣದವರೆಗೆ ಹತ್ತು ಅವಸ್ಥೆಗಳನ್ನು ಹೇಳಿದ್ದು, ಅವೆಲ್ಲವೂ ಪ್ರಸ್ತುತ ಲಕ್ಷ್ಯದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕಂಡುಬರುತ್ತವೆ. ಕ್ಯಾಲೆಂಡರಿನ ಕ್ರಮವನ್ನು ಮಾತ್ರ ಅವು ಪಾಲಿಸುವುದಿಲ್ಲ.

ಮೊದಲನೆಯದಾದ ಅಭಿಲಾಷೆ ಆಟದ ಹೆಸರು ಕಿವಿಗೆ ಬಿದ್ದೊಡನೆ ಉಂಟಾಗುತ್ತದೆ. ಎರಡನೆಯದಾದ ಚಿಂತೆಯಲ್ಲಿ ವಿರಹಿಯು ಕಾಗದ ಪೆನ್ಸಿಲು ಹಿಡಿದು, ಕೂಲಿಯೋಧ, ವರ್ತಕ, ವಿದ್ಯಾಕೋವಿದ, ಹಂತಕ, ಕಳ್ಳ, ಪ್ರೀಟರ್ ಅಧಿಕಾರಿ, ವಂಚಕ, ಅಲೆಮಾರಿ ಎಂಬ ಎಂಟು ಹಿನ್ನೆಲೆಗಳಲ್ಲಿ ತನ್ನದು ಯಾವುದಾಗಬೇಕೆಂದು ಲೆಕ್ಕ ಹಾಕುತ್ತಾನೆ. ವಾಸಕಸಜ್ಜಿಕೆಯಂತೆ ಹೊಸ ಗ್ರಾಫಿಕ್ಸ್ ಕಾರ್ಡ್ ತಂದು ಕೂರಿಸಿಕೊಂಡವನ ಪಾಡು ಹೆಚ್ಚು ಕರುಣಾಜನಕವಾದದ್ದು. ಆಟ ಬರುವ ಹೊತ್ತಿಗೆ ಕಾರ್ಡು ಮುಪ್ಪಾಗಿರುತ್ತದೆ, ಜೊತೆಗೆ ಆಟದ ಚಿತ್ರಣವೂ ಅಷ್ಟೇ ಮುಪ್ಪಾಗಿ ಬಂದಿರುವುದರಿಂದ ಕಾರ್ಡಿನ ಅಗತ್ಯವೇ ಇರಲಿಲ್ಲವೆಂದು ತಿಳಿಯುತ್ತದೆ. ಮೂರನೆಯದಾದ ಸ್ಮೃತಿಯಲ್ಲಿ ‘ಫಾಲ್‌ಔಟ್’ ಮತ್ತೆ ಆಡಲ್ಪಡುತ್ತದೆ. ನಾಲ್ಕನೆಯದಾದ ಗುಣಕೀರ್ತನೆಯಲ್ಲಿ, ಕತ್ತಿಯನ್ನು ಒರೆಯಿಂದ ಹಿರಿಯದೆ ಬರೀ ಮಾತಿನ ಬಲದಿಂದಲೇ ಆಟವನ್ನು ಕಡೆಮುಟ್ಟಿಸಬಹುದಂತೆ, ಒಂದು ಸಂಘವನ್ನು ಸೇರಿದರೆ ಇನ್ನೊಂದರ ಬಾಗಿಲು ಮುಚ್ಚಿಹೋಗುವುದಂತೆ ಎಂದು, ಕಾಣದ ಆಟದ ಗುಣಗಳನ್ನು ಕೇಳದವರಿಗೂ ಹೇಳಲಾಗುತ್ತದೆ.

ಇಲ್ಲಿ ಶೈತ್ಯೋಪಚಾರವೆಂಬ ಪಾರಿಭಾಷಿಕವನ್ನು ವಿವರಿಸಬೇಕಾಗುತ್ತದೆ. ವಿರಹದ ತಾಪವನ್ನು ಇಳಿಸಲೆಂದು ಸಖಿಯರು ಗಂಧ ಪೂಸಿ, ತಾವರೆಯೆಲೆ ಹಾಸಿ, ಬೆಳುದಿಂಗಳಲ್ಲಿ ಮಲಗಿಸುವುದೂ, ಅದರಿಂದ ತಾಪ ಇಮ್ಮಡಿಯಾಗುವುದೂ ಚಂಪೂಕಾವ್ಯಗಳನ್ನು ಓದಿದವರಿಗೆಲ್ಲ ಗೊತ್ತಿರುವ ಸಂಗತಿ. ಹೊಸ ಸ್ಕ್ರೀನ್‌ಶಾಟು, ಸಂಭಾಷಣೆಯ ಒಂದು ತುಣುಕು, ಯುದ್ಧಕ್ರಮದ ವಿವರಣೆ ಇವು ಇಲ್ಲಿನ ಗಂಧ, ತಾವರೆ, ತಿಂಗಳು. ಪರಿಣಾಮದಲ್ಲಿ ಯಾವ ಭೇದವೂ ಇಲ್ಲ.

ಐದನೆಯ ಉದ್ವೇಗಕ್ಕೆ ಉದ್ದೀಪನವೆಂದರೆ ಪರರ ಕಾರ್ಯಸಿದ್ಧಿ. 2012ರಲ್ಲಿ ಕಿಕ್‌ಸ್ಟಾರ್ಟರ್ ಮೂಲಕ ಅಭಿಮಾನಿಗಳಿಂದ ಹಣ ಕೂಡಿಸಿದ ‘ವೇಸ್ಟ್‌ಲ್ಯಾಂಡ್ 2’ 2014ರಲ್ಲಿ ಬಂದೇ ಬಿಟ್ಟಿತು. ಅದೇ ವರ್ಷ ‘ಡಿವಿನಿಟಿ: ಒರಿಜಿನಲ್ ಸಿನ್’ ಬಂದಿತು. ತಾನೂ 2012ರಲ್ಲೇ ಹಣ ಎತ್ತಿದ್ದ ‘ಪಿಲ್ಲರ್ಸ್ ಆಫ್ ಎಟರ್ನಿಟಿ’ 2015ರ ಮಾರ್ಚಿನಲ್ಲಿ ಬಂದಿತು. ತನಗಿಂತ ಎಷ್ಟೋ ವರ್ಷ ತಡವಾಗಿ ಸಾಲಿಗೆ ಬಂದವರೆಲ್ಲ ಊಟ ಮುಗಿಸಿ ಎಲೆ ಎತ್ತುತ್ತಿರುವಾಗ ವಿರಹಿಯ ಎಲೆಗೆ ಇನ್ನೂ ಉಪ್ಪು ಬಿದ್ದಿರಲಿಲ್ಲ. ಆರನೆಯದಾದ ವಿಲಾಪಕ್ಕೆ ಇದಕ್ಕಿಂತ ಹೆಚ್ಚಿನ ಕಾರಣ ಬೇಕಿಲ್ಲ.

ಏಳನೆಯದಾದ ಉನ್ಮಾದವು 2012ರ ಡೆಮೊ ಬಂದಾಗ ತಲೆದೋರಿತು. ಡೆಮೊ ಎಂದರೆ ಆಟದ ಆರಂಭದ ಒಂದು ತುಂಡು, ಅದನ್ನು ವಿರಹಿಯು ಎಂಟೂ ಹಿನ್ನೆಲೆಗಳಿಂದ ಸರದಿಯಾಗಿ ಆಡುತ್ತಾನೆ. ಎಂಟನೆಯದಾದ ವ್ಯಾಧಿಗೆ ಅರ್ಲಿ ಆ್ಯಕ್ಸೆಸ್ ಎಂದು ಹೆಸರು; ಸ್ಟೀಮ್ ಅಂಗಡಿಯು 2013ರಲ್ಲಿ ಆರಂಭಿಸಿದ ಈ ಪದ್ಧತಿಯಲ್ಲಿ ಮುಗಿಯದ ಆಟವನ್ನು ಮುಗಿದಂತೆ ಭಾವಿಸಿ ಹಣ ಕೊಟ್ಟು ಕೊಳ್ಳಬಹುದಾಗಿದ್ದು, ‘ದಿ ಏಜ್ ಆಫ್ ಡೆಕಡೆನ್ಸ್’ ಅದೇ ವರ್ಷ ಅಲ್ಲಿ ಕಾಣಿಸಿಕೊಂಡಿತು. ಇದರಿಂದ ಕಾಯುವಿಕೆ ಕೊನೆಗೊಳ್ಳಲಿಲ್ಲ, ಅದಕ್ಕೆ ಬೆಲೆ ಗೊತ್ತಾಯಿತು ಅಷ್ಟೆ. ಒಂಬತ್ತನೆಯದು ಜಡತೆ: ಬಿಡುಗಡೆಯ ದಿನ ಗೊತ್ತಾಯಿತೆಂದು ಹೇಳಿದರೂ ವಿರಹಿ ಹುಬ್ಬೆತ್ತುವುದಿಲ್ಲ.

ಹತ್ತನೆಯದಾದ ಮರಣವನ್ನು ನೇರವಾಗಿ ವರ್ಣಿಸಿದರೆ ರಸಭಂಗವಾಗುತ್ತದೆಂದು ಆಲಂಕಾರಿಕರು ಎಚ್ಚರಿಸಿದ್ದಾರೆ. ಆದರೆ ಪ್ರಸ್ತುತ ಲಕ್ಷ್ಯದಲ್ಲಿ ಅದು ಆಟವು ಕೈಸೇರಿದ ದಿನವೇ, ಆಟದ ಒಳಗೇ ಸಂಭವಿಸುವುದರಿಂದ ಪ್ರತ್ಯೇಕ ಪ್ರಕರಣವನ್ನೇ ಬೇಡುತ್ತದೆ.

4. ಪೂರ್ವಪಕ್ಷ ಮತ್ತು ಸಿದ್ಧಾಂತ

ಹನ್ನೊಂದು ವರ್ಷದ ತಪಸ್ಸಿಗೆ ಫಲವಿರಲೇಬೇಕು, ತಾಳಿದವನು ಬಾಳಿಯಾನು ಎಂಬ ಲೋಕೋಕ್ತಿಯೇ ಇದಕ್ಕೆ ಆಧಾರ ಎಂಬುದು ಪೂರ್ವಪಕ್ಷ. ಇದನ್ನು ಆಟದ ಮೊದಲ ಘಟನೆಯಿಂದಲೇ ನಿರಾಕರಿಸಬಹುದು. ಟೆರಾನ್ ಎಂಬ ಊರಿನ ಛತ್ರದಲ್ಲಿ ಒಬ್ಬ ವರ್ತಕ ತಂಗಿದ್ದಾನೆ, ಅವನನ್ನು ಕೊಲ್ಲಲು ಹಂತಕನೊಬ್ಬ ಬರುತ್ತಾನೆ. ಹಂತಕನ ಹಿನ್ನೆಲೆಯನ್ನು ಆರಿಸಿಕೊಂಡವನು ಆ ಕೊಲೆಗೆ ಹೊರಟವನೇ ತಾನಾಗಿದ್ದರೆ, ಕೂಲಿಯೋಧನ ಹಿನ್ನೆಲೆಯನ್ನು ಆರಿಸಿಕೊಂಡವನು ಅದೇ ವರ್ತಕನ ಕಾವಲಿಗೆ ನಿಂತಿರುತ್ತಾನೆ. ಹೀಗೆ ಕಾವಲಿಗೆ ನಿಂತ ವಿರಹಿಯು, ವರ್ಷಾನುವರ್ಷ ಕನಸಿದ ಎಲ್ಲವನ್ನೂ ಒಂದೇ ಪಾತ್ರದಲ್ಲಿ ತುಂಬುವ ಆಸೆಯಿಂದ ಕತ್ತಿಗೆ ಸ್ವಲ್ಪ, ಮಾತುಗಾರಿಕೆಗೆ ಸ್ವಲ್ಪ, ಬೀಗ ತೆಗೆಯುವುದಕ್ಕೆ ಸ್ವಲ್ಪ, ಪಾಂಡಿತ್ಯಕ್ಕೆ ಸ್ವಲ್ಪ ಎಂದು ಅಂಕಗಳನ್ನು ಹಂಚಿರುತ್ತಾನೆ. ಈ ಆಟವೋ ಸಕಲಕಲಾವಲ್ಲಭರನ್ನು ಕ್ಷಮಿಸುವುದಿಲ್ಲ. ಸರದಿಯಂತೆ ಏಟು ಹಾಕುವ ಕಾಳಗದಲ್ಲಿ ಅರೆಬರೆ ಕಲಿತ ಕತ್ತಿ ಗಾಳಿಯನ್ನು ಕಡಿಯುತ್ತಿರುವಾಗ ಎದುರಾಳಿಯದು ಮೈಗೇ ತಾಗುತ್ತದೆ. ಮಾತಿನಿಂದ ತಪ್ಪಿಸಿಕೊಳ್ಳೋಣವೆಂದು ಬೇರೆ ಸಂದರ್ಭದಲ್ಲಿ ಯತ್ನಿಸಿದರೂ, ಬೇಕಾದ ಮಟ್ಟಕ್ಕೆ ಒಂದೇ ಹೆಜ್ಜೆ ಕಡಿಮೆಯಿದ್ದ ಮಾತುಗಾರಿಕೆ ಮಾತುಗಾರಿಕೆಯೇ ಅಲ್ಲವೆಂಬುದು ಇಲ್ಲಿಯ ನ್ಯಾಯ.

ಹೀಗೆ ಹನ್ನೊಂದು ವರ್ಷ ತಾಳಿದವನು ಮೊದಲ ಛತ್ರದಲ್ಲಿಯೇ ಬಾಳದೆ ಹೋಗುವುದಕ್ಕೆ ಕಾರಣವನ್ನು ಆಟದ ಕೌಶಲಪಟ್ಟಿಯಲ್ಲಿ ಕಾಣಬಹುದು. ಅಲ್ಲಿ ಬಾಕು, ಕತ್ತಿ, ಕೊಡಲಿ, ಈಟಿ, ಬಿಲ್ಲುಗಳಿವೆ, ಕಳವು, ವೇಷಾಂತರ, ಶಿಷ್ಟಾಚಾರ, ವ್ಯಾಪಾರ, ರಸವಿದ್ಯೆಗಳೂ ಇವೆ, ತಾಳ್ಮೆಯೆಂಬುದು ಇಲ್ಲ. ಕಾಯುವಾಗ ಗಳಿಸಿದ ಏಕೈಕ ವಿದ್ಯೆಗೆ ಕಾಯ್ದ ವಸ್ತುವಿನಲ್ಲಿ ಒಂದು ಅಂಕವೂ ದೊರೆಯದಾದ್ದರಿಂದ, ಪ್ರತೀಕ್ಷೆಯು ಫಲವಿಲ್ಲದ ಕರ್ಮವೆಂದು ಸಿದ್ಧವಾಗುತ್ತದೆ. ಆದರೂ ಅದನ್ನು ಬಿಟ್ಟವರಿಲ್ಲ. ಅದೇ ತಂಡದ ‘ಕಾಲೊನಿ ಶಿಪ್’ 2023ರ ನವೆಂಬರಿನಲ್ಲಿ ಪೂರ್ಣವಾಗುವವರೆಗೂ ಅದೇ ಅಧಿಕಾರಿಗಳು ಅದೇ ಹತ್ತು ಅವಸ್ಥೆಗಳನ್ನು ಎರಡನೆಯ ಸಲ ಶ್ರದ್ಧೆಯಿಂದ ಅನುಭವಿಸಿದರು.

ಫಲಶ್ರುತಿ

ಈ ಪ್ರಬಂಧವನ್ನು ನಿತ್ಯ ಪಾರಾಯಣ ಮಾಡುವುದರಿಂದ ಯಾವ ಆಟವೂ ಒಂದು ದಿನ ಮುಂಚಿತವಾಗಿ ಬರುವುದಿಲ್ಲ, ತಡವಾದದ್ದಕ್ಕೆ ಕಾರಣವೂ ತಿಳಿಯುವುದಿಲ್ಲ. ಆದರೆ ಅಂಕಗಳನ್ನು ಒಂದೇ ಆಯುಧಕ್ಕೆ ಸುರಿದು, ಗುರಾಣಿಯಿಂದ ತಡೆಯುವುದೋ ಪಕ್ಕಕ್ಕೆ ಸರಿದು ತಪ್ಪಿಸಿಕೊಳ್ಳುವುದೋ ಈ ಎರಡರಲ್ಲಿ ಒಂದನ್ನು ಮಾತ್ರ ಅಭ್ಯಾಸ ಮಾಡಿದವನು ಆ ಛತ್ರದಿಂದ ಜೀವಂತವಾಗಿ ಹೊರಬರುವ ಸಂಭವ ಹೆಚ್ಚೆಂಬುದನ್ನು ಅರಿತವನಿಗೆ, ಓದಲು ಹಿಡಿದ ಹೊತ್ತಾದರೂ ಉಳಿತಾಯವಾಗುತ್ತದೆ.