ಮನೆಯೊಂದಿಗೆ ಬಂದ ಬಾಕಿ

ಬಾಡಿಗೆ ಮನೆ ಹಿಡಿದವರಿಗೆ ಹಿಂದಿನವರು ಏನಾದರೊಂದು ಬಿಟ್ಟೇ ಹೋಗಿರುತ್ತಾರೆ. ಗೋಡೆಯಲ್ಲಿ ಮೊಳೆ, ಬಚ್ಚಲಲ್ಲಿ ಹಿಡಿ ಮುರಿದ ಮಗ್ಗು, ಅಟ್ಟದಲ್ಲಿ ಹೋದ ವರ್ಷದ ಪಂಚಾಂಗ, ಹಾಲಿನ ಹೊತ್ತಿಗೆ ಸರಿಯಾಗಿ ಹಾಜರಾಗುವ ಬೆಕ್ಕು. ದೇವನೂರಿನಲ್ಲಿ ನಾನು ಹಿಡಿದ ಮನೆಯಲ್ಲಿ ಇವೆಲ್ಲ ಇದ್ದವು. ಮೇಲೊಂದಿಷ್ಟು ಸಾಲವೂ ಇತ್ತು.

ಸಾಲ ನನ್ನದಲ್ಲ, ನನಗಿಂತ ಮುಂಚೆ ಅಲ್ಲಿದ್ದ ಗಂಡಹೆಂಡಿರದು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ; ಲಕೋಟೆಗಳ ಮೇಲೆ ಈಗಾಗಲೇ ಬೇಕಾದಷ್ಟು ಸಲ ಅಚ್ಚಾಗಿದೆ.

ದೇವನೂರು ಎಂಬುದು ನಾಡಿನಲ್ಲಿ ಒಂದೇ ಅಲ್ಲ. ಕಡೂರು ತಾಲ್ಲೂಕಿನಲ್ಲೊಂದಿದೆ, ಅದು ಜೈಮಿನಿ ಭಾರತ ಬರೆದ ಲಕ್ಷ್ಮೀಶನದು. ಮೈಸೂರಿನಲ್ಲಿ ಆ ಹೆಸರಿನ ಬಡಾವಣೆಯೇ ಇದೆ. ನಮ್ಮದು ನಂಜನಗೂಡು ತಾಲ್ಲೂಕಿನದು. ಗುರುಮಲ್ಲೇಶ್ವರರ ದಾಸೋಹ ಮಠದ ಊರು, ‘ಕುಸುಮಬಾಲೆ’ಯ ದೇವನೂರ ಮಹಾದೇವರು ಹುಟ್ಟಿದ ಊರು. ನನ್ನ ತಂಗಿ ಮಗಳ ಮದುವೆಯ ಕರೆಯೋಲೆ ಈ ಮೂರೂ ದೇವನೂರು ಸುತ್ತಿತೋ ಏನೋ, ಹುಡುಗಿ ಬಾಣಂತನಕ್ಕೆ ತವರಿಗೆ ಬಂದ ಮೇಲೆ ನನ್ನ ಕೈ ಸೇರಿತು. ವಸೂಲಿ ನೋಟಿಸು ಮಾತ್ರ ಒಮ್ಮೆಯೂ ದಾರಿ ತಪ್ಪಿದ್ದಿಲ್ಲ.

ಬೇರೆಯವರ ಕಾಗದ ಒಡೆದು ಓದುವ ಚಾಳಿ ನನಗಿಲ್ಲ. ಒಡೆಯಬೇಕಾದ ಪ್ರಮೇಯವೂ ಬರಲಿಲ್ಲ. ಕಳಿಸಿದವರ ಹೆಸರು ಮೂಲೆಯಲ್ಲೇ ಇರುತ್ತಿತ್ತು. ಒಡವೆ ಅಡವಿಟ್ಟುಕೊಂಡವರು, ಬೈಕಿಗೆ ಫೈನಾನ್ಸ್ ಕೊಟ್ಟವರು, ಟೀವಿಯ ಕಂತಿನವರು, ಅವರೆಲ್ಲರ ಪರವಾಗಿ ಮೈಸೂರಿನ ವಕೀಲರು, ಅವರಿಗೂ ಆಗದಿದ್ದಾಗ ಚೆನ್ನೈನ ಮಧ್ಯಸ್ಥಗಾರರು. ಬಂದ ಸರದಿಯಲ್ಲಿ ಜೋಡಿಸಿಟ್ಟರೆ ಒಂದು ಸಂಸಾರದ ಕಥೆಯೇ ಆಗುತ್ತಿತ್ತು: ಮೊದಲು ಬೈಕು ಬಂತು, ಆಮೇಲೆ ಟೀವಿ ಬಂತು, ಆಮೇಲೆ ಓಲೆ ಹೋಯಿತು. ಸಾಲ ತರುವಾಗಿನ ಸುಖವನ್ನೂ ಸಾಲಿಗ ಬಂದಾಗಿನ ಸಂಕಟವನ್ನೂ ಸರ್ವಜ್ಞ ಮೂರೇ ಸಾಲಿನಲ್ಲಿ ಹೇಳಿ ಮುಗಿಸಿದ್ದಾನೆ. ವಕೀಲರ ಲಕೋಟೆಯ ದಪ್ಪ ನೋಡಿದರೆ ಅವರಿಗೆ ಬರೀ ಸಂಕಟಕ್ಕೇ ಹತ್ತು ಪುಟ ಬೇಕಾಗುತ್ತಿತ್ತು.

ನಂಜನಗೂಡಿನ ಕೋರ್ಟಿಗೆ ಹೋಗುವ ಪರಿಚಯದ ವಕೀಲರೊಬ್ಬರನ್ನು ಕೇಳಿದೆ. “ತಗೊಂಡು ಇಟ್ಕೋಬೇಡಿ ಮೇಷ್ಟ್ರೇ” ಎಂದರು. 1897ರ ಜನರಲ್ ಕ್ಲಾಸಸ್ ಆಕ್ಟಿನ 27ನೇ ಕಲಮಿನ ಪ್ರಕಾರ ಸರಿಯಾದ ವಿಳಾಸ ಬರೆದು, ಅಂಚೆ ಹಣ ಕಟ್ಟಿ, ರಿಜಿಸ್ಟರ್ ಮಾಡಿದ ನೋಟಿಸು ತಲುಪಿತೆಂದೇ ಲೆಕ್ಕವಂತೆ. ತಲುಪಿಲ್ಲ ಎನ್ನುವವರು ರುಜುವಾತು ಕೊಡಬೇಕಂತೆ. ಅಂದರೆ ಊರು ಬಿಟ್ಟವರು ಎಲ್ಲೋ ಗಾರೆ ಹೊರುತ್ತಿರುವಾಗ, ಕಾನೂನಿನ ಕಣ್ಣಿಗೆ ಅವರು ನನ್ನ ಜಗಲಿಯ ಮೇಲೆ ಕೂತು ನೋಟಿಸು ಓದುತ್ತಿದ್ದಾರೆ! ಅಂದಿನಿಂದ ನಾನು ಯಾವುದಕ್ಕೂ ಸಹಿ ಹಾಕಲಿಲ್ಲ. ಪೋಸ್ಟಿನ ಅಣ್ಣನೂ ತಕರಾರಿಲ್ಲದೆ “ವಿಳಾಸದಾರರು ಊರು ಬಿಟ್ಟಿದ್ದಾರೆ” ಎಂದು ಷರಾ ಬರೆದು ವಾಪಸ್ ಒಯ್ಯುತ್ತಿದ್ದ. ಮುಂದಿನ ವಾರ ಅವೇ ನೋಟಿಸುಗಳು ಹೊಸ ಲಕೋಟೆ ತೊಟ್ಟು ಬರುತ್ತಿದ್ದವು.

ಟಪಾಲು ಹೇಗೋ ತಡೆದುಕೊಳ್ಳಬಹುದಿತ್ತು. ಮಂಗಳವಾರದ್ದು ಬೇರೆಯೇ ಬಾಬತ್ತು. ಇನ್ನೂ ಹಲ್ಲುಜ್ಜುತ್ತಿರುವಾಗಲೇ ಹೆಂಗಸರು ಒಬ್ಬೊಬ್ಬರಾಗಿ ಬಂದು ಜಗಲಿಯ ಮೇಲೆ ಸಾಲಾಗಿ ಕೂತರು. ನನ್ನ ಹೆಂಡತಿ, ಯಾರದೋ ಸಾವಿನ ಸುದ್ದಿ ಇರಬೇಕೆಂದು ಗಾಬರಿಯಿಂದ ಒಳಗೆ ಬಂದಳು. ವಿಚಾರಿಸಿದರೆ, ಅದು ಸಂಘದ ಸೆಂಟರ್ ಮೀಟಿಂಗು. ಹಿಂದಿದ್ದಾಕೆಯೇ ಸೆಂಟರಿನ ಲೀಡರು. ವಾರದ ಕಂತು ಕಟ್ಟುವ ಜಾಗ ಈ ಜಗಲಿ. ಲೀಡರು ಹೋದರೂ ಕಂಪನಿಯ ಪುಸ್ತಕದಲ್ಲಿ ಸೆಂಟರು ಕದಲಿರಲಿಲ್ಲ.

ಟೈ ಕಟ್ಟಿಕೊಂಡ ಹುಡುಗನೊಬ್ಬ ಬೈಕಿನಲ್ಲಿ ಬಂದು ಹಾಜರಿ ಕೂಗಿದ. ಹಿಂದಿದ್ದಾಕೆಯ ಹೆಸರು ಬಂದಾಗ ಎಲ್ಲರೂ ಹುಣಸೆಮರ ನೋಡಿದರು. ಗುಂಪು ಸಾಲದ ಕಟ್ಟುಪಾಡು ಗೊತ್ತಲ್ಲ. ಅಡವಿಡಲು ಏನೂ ಬೇಡ, ಒಬ್ಬರಿಗೊಬ್ಬರು ಜಾಮೀನು. ಒಬ್ಬಳು ತಪ್ಪಿಸಿದರೆ ಉಳಿದವರು ತುಂಬಬೇಕು, ತುಂಬುವ ತನಕ ಮೇಲೇಳುವಂತಿಲ್ಲ. ಎದ್ದು ಕೂಲಿಗೆ ಹೋಗಬೇಕಾದವರು ಗೊಣಗುತ್ತ ಸೆರಗಿನ ಗಂಟು ಬಿಚ್ಚಿದರು.

ನಾನು ಮೇಷ್ಟ್ರಲ್ಲವೇ, ಸುಮ್ಮನಿರಲಾಗಲಿಲ್ಲ. ರಿಸರ್ವ್ ಬ್ಯಾಂಕಿನ 2022ರ ಮಾರ್ಚ್ ತಿಂಗಳ ನಿರ್ದೇಶನವನ್ನು ಆ ಹುಡುಗನಿಗೆ ಪಾಠ ಮಾಡಿದೆ. ಕಿರುಸಾಲದವರಿಗೆ ಬೆಳಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ಫೋನು ಮಾಡುವಂತಿಲ್ಲ. ಸಾಲಗಾರರ ನೆಂಟರು, ಸ್ನೇಹಿತರು, ಜತೆಯಲ್ಲಿ ಕೆಲಸ ಮಾಡುವವರನ್ನು ಪೀಡಿಸುವಂತಿಲ್ಲ. ಹುಡುಗ ಜಾಣ. “ಸಾರ್, ನೀವು ಅವರಿಗೆ ನೆಂಟರಾ?” ಎಂದ. ಅಲ್ಲ ಎಂದೆ. “ಸ್ನೇಹಿತರಾ?” ಮುಖವನ್ನೇ ನೋಡಿಲ್ಲ ಎಂದೆ. “ಹಂಗಾದ್ರೆ ನಿಮಗೇನೂ ತೊಂದ್ರೆ ಆಗಿಲ್ಲ ಬಿಡಿ” ಎಂದ. ಅಷ್ಟು ದೊಡ್ಡ ಬ್ಯಾಂಕು ಅಷ್ಟು ಉದ್ದದ ಪಟ್ಟಿ ಮಾಡುವಾಗ, ಹಿಂದಿನವರ ಮನೆಗೆ ಬಾಡಿಗೆಗೆ ಬರುವ ಬಡಪಾಯಿ ಯಾರಿಗೂ ನೆನಪಾಗಿರಲಿಲ್ಲ. ಹೊರಡುವ ಮುನ್ನ ಹುಡುಗ ದನಿ ತಗ್ಗಿಸಿ ಕೇಳಿದ: “ಮೇಡಂಗೆ ಏನಾದ್ರೂ ಲೋನ್ ಬೇಕಿತ್ತಾ ಸಾರ್? ವರ್ಷಕ್ಕೆ ಮೂರು ಲಕ್ಷದೊಳಗೆ ಆದಾಯ ಇರಬೇಕು ಅಷ್ಟೇ.” ಒಳಗಿಂದ ಪಾತ್ರೆಯ ಸದ್ದು ಕೇಳಿಸಿತು. ಅವನು ಬೈಕು ಹತ್ತಿದ.

ಇದು ನಮ್ಮೊಬ್ಬರ ಮನೆಯ ಕಥೆಯಲ್ಲ. 2025ರ ಜನವರಿಯಲ್ಲಿ ನಂಜನಗೂಡು, ಚಾಮರಾಜನಗರದ ಕಡೆಯ ಹಳ್ಳಿಗಳಲ್ಲಿ ಕಿರುಸಾಲದ ಕಾಟಕ್ಕೆ ಸಂಸಾರಗಳು ಮನೆಗೆ ಬೀಗ ಹಾಕಿ ಹೋದ ಸುದ್ದಿ ದಿನವೂ ಪತ್ರಿಕೆಗಳಲ್ಲಿ ಬಂತು. ಸರ್ಕಾರ ಸುಗ್ರೀವಾಜ್ಞೆ ಬರೆಯಿತು. ರಾಜ್ಯಪಾಲರು ಒಮ್ಮೆ ಅದನ್ನು ಹಿಂದಕ್ಕೆ ಕಳಿಸಿದರು. ಮತ್ತೆ ಬಂದಾಗ ಫೆಬ್ರವರಿ 12ರಂದು ಅಂಕಿತ ಹಾಕಿದರು. ಕಿರುಕುಳ ಕೊಟ್ಟು ವಸೂಲಿ ಮಾಡಿದರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಆಮೇಲೆ ಹುಡುಗನ ದನಿಯೇನೋ ಇಳಿಯಿತು. ಟಪಾಲು ಇಳಿಯಲಿಲ್ಲ.

ಅಷ್ಟರಲ್ಲಿ ಹೆಂಗಸರಿಗೂ ನಮಗೂ ಬಳಕೆಯಾಗಿತ್ತು. ಮಂಗಳವಾರ ನನ್ನ ಹೆಂಡತಿ ಎಲ್ಲರಿಗೂ ಕಾಪಿ ಕಾಯಿಸಿಡುತ್ತಿದ್ದಳು. ಒಮ್ಮೆ ಹುಡುಗ ಅತ್ತ ಹೋದ ಮೇಲೆ ಕೇಳಿದೆ, “ಆಯಮ್ಮನ ಕಂತು ನೀವು ಕಟ್ತಿದೀರಲ್ಲ, ಸಿಟ್ಟು ಬರೋದಿಲ್ವಾ?”

“ಬತ್ತದ ಕನ ಸಾ. ಸಿಕ್ಕುದ್ರ ಜಗ್ಗಾಡ್ಬುಡ್ತೀವಿ” ಎಂದಳು ಹಿರಿಯಾಕೆ. “ಮೊದ್ಲು ಸಿಕ್ಲಿ.”

ಯಾರೂ ಮಾತಾಡಲಿಲ್ಲ. ಆಮೇಲೆ ಅವರವರೇ ಮುಖ ನೋಡಿಕೊಂಡರು. ಹಿರಿಯಾಕೆ ನನ್ನ ಹೆಂಡತಿಯತ್ತ ತಿರುಗಿ, “ಅಕ್ಕ, ಮೇಷ್ಟ್ರಗ ಒಂದು ಕಾಗ್ದ ಬರ್ಕೊಡಾಕ ಯೋಳಿ” ಎಂದಳು.

ಅವಳು ಎಲ್ಲಿದ್ದಾಳೆಂಬುದು ಇವರಿಗೆಲ್ಲ ಮೊದಲಿಂದಲೂ ಗೊತ್ತಿತ್ತು! ಮೈಸೂರಿನ ವಕೀಲರಿಗೂ ಚೆನ್ನೈನ ಮಧ್ಯಸ್ಥಗಾರರಿಗೂ ಸಿಗದ ವಿಳಾಸ, ಪ್ರತಿ ಮಂಗಳವಾರ ನಮ್ಮ ಜಗಲಿಯ ಮೇಲೆಯೇ ಕೂತು ಹುಣಸೆಮರ ನೋಡುತ್ತಿತ್ತು. ನೋಟಿಸು ಬರೆಯುವವರಿಗೆ ಬೇಕಾದದ್ದು ಬಾಕಿ. ಇವರಿಗೆ ಬಾಕಿಯೂ ಬೇಕು, ಬಾಕಿದಾರಳೂ ಬೇಕು. ಫೋನಿನ ಕಾಟಕ್ಕೆ ಅವಳು ಸಿಮ್ಮನ್ನೇ ಕಿತ್ತೆಸೆದಿದ್ದಳಾದ್ದರಿಂದ ಕಾಗದವೇ ಗತಿ.

ಇನ್‌ಲ್ಯಾಂಡ್ ಪತ್ರ ತಂದು ಕೂತೆ. ಎಲ್ಲರೂ ಒಟ್ಟಿಗೆ ಹೇಳತೊಡಗಿದರು. ಮೊದಲ ಮಡಿಕೆ ಪೂರ್ತಿ ಬೈಗುಳ. ಕೆಲವನ್ನು ನಾನು ಗ್ರಂಥಸ್ಥ ಕನ್ನಡಕ್ಕೆ ತಿರುಗಿಸಿ ಬರೆದೆ. ಎರಡನೆಯದರಲ್ಲಿ ಯಾರ್ಯಾರು ಎಷ್ಟೆಷ್ಟು ಕಟ್ಟಿದ್ದಾರೆಂಬ ಲೆಕ್ಕ. ಮೂರನೆಯದರಲ್ಲಿ, ಎಮ್ಮೆ ಕರು ಹಾಕಿದೆ, ಮಠದ ಜಾತ್ರೆಗೆ ಬಂದುಬಿಡು, ಒಂದೇ ಸಲ ಅಲ್ಲದಿದ್ದರೂ ಮೆಲ್ಲಗೆ ಕಟ್ಟೋಣ, ಹುಡುಗ ಈಗ ಮೊದಲಿನಷ್ಟು ಕೂಗಾಡುವುದಿಲ್ಲ. ‘ಇಂದ’ ಎಂಬಲ್ಲಿ ಯಾರ ಮನೆಯ ವಿಳಾಸ ಹಾಕಲಿ ಎಂದೆ. “ಅವ್ಳ ಮನದೇ ಆಕಿ” ಎಂದರು. ನನ್ನ ವಿಳಾಸ ಬರೆದೆ.

ಇಷ್ಟು ಬೆಲೆಬಾಳುವ ಕಾಗದ ನಡುವೆ ಎಲ್ಲಾದರೂ ಕಳೆದುಹೋದೀತೆಂದು ನನಗೆ ಅಳುಕು. ರಿಜಿಸ್ಟರ್ ಮಾಡಿಬಿಡೋಣ, ಖರ್ಚು ನಾನೇ ಕೊಡುತ್ತೇನೆ ಎಂದೆ.

“ಅಯ್ಯೋ, ಬ್ಯಾಡಿ ಸಾ” ಎಂದು ಎಲ್ಲರೂ ಒಟ್ಟಿಗೆ ಕೈಯಾಡಿಸಿದರು. “ರಿಜಿಸ್ಟ್ರು ಅಂದ್ರ ನೋಟೀಸು ಅಂದ್ಕಂಡು ಈಸ್ಕಳದೇ ಇಲ್ಲ ಅವ್ಳು.”